ಒಮ್ಮೆ ಜೆರಾಕ್ಸ್, ಎರಡು ಸಲ ಪಾಲು

ಆಟಿ ತಿಂಗಳ ಒಂದು ಭಾನುವಾರ. ಮುಲುಂಡ್‌ನಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ. ಮಾವ ಎಪ್ಪತ್ತೈದರ ಹೋಟೆಲಿಗರು. ಊರಿನ ಪಾಲುಪಟ್ಟಿಗೆ ಸಹಿ ಹಾಕಿ ಅಂದೇ ಬೆಳಿಗ್ಗೆ ಮತ್ಸ್ಯಗಂಧಾ ರೈಲಿನಲ್ಲಿ ಕುರ್ಲಾಕ್ಕೆ ಬಂದಿಳಿದವರು. ಸೊಸೆ ಅಂದರೆ ಅವರ ತಂಗಿಯ ಮಗಳು. ಐವಿಎಫ್ ಲ್ಯಾಬೊಂದರಲ್ಲಿ ಎಂಬ್ರಿಯಾಲಜಿಸ್ಟ್.

ಮಾವ: ಆಟಿಯಲ್ಲಿ ಶುಭಕಾರ್ಯಕ್ಕೆ ಕೈಹಾಕಬಾರದು, ಪಾಲಿಗೆ ಅಡ್ಡಿಯಿಲ್ಲ ಅಂದರು ವಕೀಲರು. ಹಿಡಿ, ನಿನ್ನಮ್ಮನ ಕವರಿನ, ಅಂದರೆ ಅವಳ ಕಡೆಯ ಕವಲಿನ, ಪ್ರತಿ. ಕವರಿನ ಕಾಗದ ಒದ್ದೆಯಾಗಬಾರದೆಂದು ಪ್ಲಾಸ್ಟಿಕ್ ಕವರಿನಲ್ಲೇ ಹಾಕಿ ತಂದಿದ್ದೇನೆ.

ಸೊಸೆ: ಇಷ್ಟು ಮಳೆಯಲ್ಲಿ ಇದೊಂದನ್ನು ಕೊಡಲು ಬಂದದ್ದಾ ಮಾವ? ಫೋನ್ ಮಾಡಿದ್ದರೆ ನಾನೇ ಬರುತ್ತಿದ್ದೆ.

ಮಾವ: ಇನ್ನೊಂದು ವಿಷಯ ಉಂಟು. ನಿನ್ನ ಕೆಲಸದ ಬಗ್ಗೆ ನಾನು ಇಷ್ಟು ವರ್ಷ ಕೇಳಿದವನಲ್ಲ. ಕೇಳಲು ನಾಚಿಕೆ. ನನ್ನ ಮಗ, ನಿನ್ನ ಭಾವ, ಅವನಿಗೆ ಮದುವೆಯಾಗಿ ಆರು ವರ್ಷ ಆಯಿತಲ್ಲ. ಅವನ ಹೆಂಡತಿಯನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದೆವು. ರಿಪೋರ್ಟಿನಲ್ಲಿ ಎಎಂಎಚ್ ಕಡಿಮೆ, ಏಜ್ ಫ್ಯಾಕ್ಟರ್ ಅಂತೆಲ್ಲ ಬಂದಿದೆ. ಅವಳಿಗೆ ಈಗ ಮೂವತ್ತೇಳು. ನಿನ್ನ ಅತ್ತೆ ಅಂದಿನಿಂದ ಅವಳ ಮುಖ ನೋಡಿ ಮಾತಾಡುವುದಿಲ್ಲ. ದೋಷ ಅವಳದ್ದೇ ಅಂತ ಮನೆಯಲ್ಲಿ ತೀರ್ಮಾನ ಆದ ಹಾಗೆ ಉಂಟು.

ಸೊಸೆ: ಭಾವನ ರಿಪೋರ್ಟು?

ಮಾವ: ಅವನದ್ದು ಎಂತ ರಿಪೋರ್ಟು? ಅವನಿಗೆ ಎಂತ ಆಗಿದೆ? ಗುಂಡುಕಲ್ಲಿನ ಹಾಗೆ ಇದ್ದಾನೆ.

ಸೊಸೆ: ಸರಿ, ಅಲ್ಲಿಗೆ ಆಮೇಲೆ ಬರೋಣ. ಈ ಏಜ್ ಫ್ಯಾಕ್ಟರ್ ಅನ್ನುವುದು ನಿಮಗೆ ಅರ್ಥವಾಗಬೇಕಾದರೆ ಅಂಡಾಣು ಹೇಗೆ ಆಗುತ್ತದೆ ಅಂತ ಗೊತ್ತಿರಬೇಕು. ನೀವು ನೈಟ್ ಸ್ಕೂಲಿನಲ್ಲಿ ಜೀವಶಾಸ್ತ್ರ ಓದಿದ್ದೀರಲ್ಲ?

ಮಾವ: ಹಗಲೆಲ್ಲ ಪ್ಲೇಟು ತೊಳೆದು ಫೋರ್ಟ್‌ಗೆ ಹೋಗಿ ಬೆಂಚಿನ ಮೇಲೆ ಕೂತರೆ ಜೀವಶಾಸ್ತ್ರದ ಪಿರಿಯಡ್ ಬರುವ ಹೊತ್ತಿಗೆ ನನ್ನ ಜೀವವೇ ತೂಗುತ್ತಿತ್ತು. ಜೀವಕೋಶ ಒಡೆದು ಎರಡಾಗುತ್ತದೆ ಅನ್ನುವವರೆಗೆ ನೆನಪುಂಟು.

ಸೊಸೆ: ಅದು ಮೈಟಾಸಿಸ್. ದೋಸೆಕಲ್ಲು ತಾಗಿ ಸುಟ್ಟ ಬೆರಳಿಗೆ ಹೊಸ ಚರ್ಮ ಬರುವುದು ಹಾಗೆ. ಒಂದು ಕೋಶ ತನ್ನಲ್ಲಿರುವ 46 ವರ್ಣತಂತುಗಳನ್ನು ನಕಲು ಮಾಡಿ ಎರಡು ಮರಿಕೋಶಗಳಿಗೂ 46ರಂತೆ ಕೊಡುತ್ತದೆ. ಅದರಲ್ಲಿ ಪಾಲಿನ ಮಾತೇ ಇಲ್ಲ, ಬರೀ ಪ್ರತಿ. ಆದರೆ ಅಂಡಾಣು, ವೀರ್ಯಾಣು ಹಾಗೆ ಆದರೆ ಎಂತಾಗುತ್ತದೆ, ನೀವೇ ಲೆಕ್ಕ ಹಾಕಿ.

ಮಾವ: 46ಕ್ಕೆ 46 ಸೇರಿದರೆ 92. ಮೊಮ್ಮಗನಿಗೆ 184. ನಾಲ್ಕು ತಲೆಮಾರಿಗೆ ಗೋಡೌನು ತುಂಬಿತು.

ಸೊಸೆ: ಇದೇ ಲೆಕ್ಕವನ್ನು ಜರ್ಮನಿಯ ವೈಸ್‌ಮನ್ 1880ರ ದಶಕದಲ್ಲಿ ಹಾಕಿದ. ಎಲ್ಲೋ ಒಂದು ಕಡೆ ಅರ್ಧ ಆಗಲೇಬೇಕು ಅಂದ. 1883ರಲ್ಲಿ ಬೆಲ್ಜಿಯಂನ ವಾನ್ ಬೆನೆಡನ್ ಕುದುರೆಯ ಹೊಟ್ಟೆಹುಳದಲ್ಲಿ ಅದನ್ನು ಕಣ್ಣಾರೆ ಕಂಡಿದ್ದ. ಅಂಡಾಣುವಿನಿಂದ ಬಂದದ್ದು ಎಷ್ಟೋ ವೀರ್ಯಾಣುವಿನಿಂದ ಬಂದದ್ದೂ ಅಷ್ಟೇ, ಎರಡೂ ಅರ್ಧರ್ಧ. ಹಾಗೆ ಅರ್ಧವಾಗುವ ವಿಭಜನೆಗೇ ಮಿಯಾಸಿಸ್ ಅನ್ನುವುದು. ಆದರೆ ಅರ್ಧ ಅಂದರೆ ಯಾವ ಅರ್ಧ ಅನ್ನುವುದರಲ್ಲಿ ಎಲ್ಲ ಇದೆ. ನಿಮ್ಮ ಪಾಲುಪಟ್ಟಿ ತೆಗೆಯಿರಿ.

ಮಾವ: ಇದರಲ್ಲಿ ವರ್ಣತಂತು ಎಲ್ಲಿಂದ ಬಂತು ಮಾರಾಯ್ತಿ?

ಸೊಸೆ: ನಿಮ್ಮ ಪ್ರತಿಯೊಂದು ಜೀವಕೋಶದಲ್ಲಿ 23 ಬಗೆಯ ಕಡತ ಇದೆ ಅಂದುಕೊಳ್ಳಿ. ಪ್ರತಿ ಕಡತದ್ದೂ ಎರಡೆರಡು. ಒಂದು ನಿಮ್ಮ ಅಪ್ಪನಿಂದ ಬಂದದ್ದು, ಇನ್ನೊಂದು ಅಮ್ಮನಿಂದ. ವಿಷಯ ಒಂದೇ, ಅಲ್ಲಲ್ಲಿ ಅಕ್ಷರ ಬೇರೆ. ಪಾಲಿಗೆ ಮೊದಲು ಎಂತ ಮಾಡಿದಿರಿ?

ಮಾವ: ಎಲ್ಲ ಕಾಗದವನ್ನೂ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದೆವು.

ಸೊಸೆ: ಇಲ್ಲಿಯೂ ಅಷ್ಟೇ. 46 ಕಡತಕ್ಕೂ ಒಂದೊಂದು ಜೆರಾಕ್ಸ್, ಮೂಲಕ್ಕೂ ನಕಲಿಗೂ ಸೇರಿಸಿ ಪಿನ್. ಆ ಪಿನ್ ಒಂದು ಪ್ರೋಟೀನು, ಹೆಸರು ಕೊಹೆಸಿನ್. ಅದನ್ನು ಮರೆಯಬೇಡಿ, ನಮ್ಮ ಏಜ್ ಫ್ಯಾಕ್ಟರ್ ಇರುವುದು ಆ ಪಿನ್ನಿನಲ್ಲಿ. ಆಮೇಲೆ ಅಪ್ಪನ ಒಂದನೇ ಕಡತ ಅಮ್ಮನ ಒಂದನೇ ಕಡತವನ್ನು ಹುಡುಕಿಕೊಂಡು ಹೋಗಿ ಮೈಗೆ ಮೈ ತಾಗಿಸಿ ನಿಲ್ಲುತ್ತದೆ. ಎರಡನೆಯದು ಎರಡನೆಯದನ್ನು. ಹೀಗೆ 23 ಜೋಡಿ. ಜೋಡಿ ಕೂಡಿಸಲು ಆಗದಿದ್ದರೆ ಪಾಲು ಅಲ್ಲಿಗೇ ನಿಂತಿತು.

ಮಾವ: ಹಾಗೆ ನಿಂತದ್ದೂ ಉಂಟಾ?

ಸೊಸೆ: ನಿಮ್ಮ ಹೋಟೆಲಿನ ಬಾಗಿಲಲ್ಲೇ ಗೊನೆ ತೂಗುತ್ತಿದೆ. ಜಳಗಾಂವ್‌ನಿಂದ ಬರುವ ಬಾಳೆಹಣ್ಣು, ಊರಿನ ನೇಂದ್ರ, ಇವುಗಳಲ್ಲಿ ಪ್ರತಿ ವರ್ಣತಂತುವಿನದ್ದೂ ಮೂರು ಪ್ರತಿ. ಮೂರನ್ನು ಎರಡು ಕಡೆಗೆ ಸಮವಾಗಿ ಹಂಚುವುದು ಹೇಗೆ? ಹಂಚಲಾಗದ್ದಕ್ಕೆ ಸರಿಯಾದ ಅಂಡಾಣುವಿಲ್ಲ, ಪರಾಗವಿಲ್ಲ. ಹಣ್ಣಿನಲ್ಲಿ ಬೀಜವಿಲ್ಲದಿರಲು ಅದೊಂದು ಮುಖ್ಯ ಕಾರಣ. ಅದಕ್ಕೇ ಬಾಳೆಯನ್ನು ಕಂದು ಕಿತ್ತು ನೆಡುವುದು.

ಮಾವ: ನಮ್ಮದೂ ಹಾಗೇ ಆಯಿತಲ್ಲ! ಮೂರು ಕವರು, ಎರಡು ಗದ್ದೆ. ಹನ್ನೊಂದು ವರ್ಷ ಕೋರ್ಟು.

ಸೊಸೆ: ಜೋಡಿ ಕೂಡಿದ ಮೇಲೆ ಅಪ್ಪನ ಕಡತವೂ ಅಮ್ಮನ ಕಡತವೂ ಅಲ್ಲಲ್ಲಿ ಹಾಳೆ ಬದಲಾಯಿಸಿಕೊಳ್ಳುತ್ತವೆ. ಅಪ್ಪನ ಹದಿನೇಳನೇ ಪುಟ ಅಮ್ಮನ ಕಡತಕ್ಕೆ, ಅಮ್ಮನ ಹದಿನೇಳು ಅಪ್ಪನದ್ದಕ್ಕೆ. ಇದು ಅಡ್ಡಹಾಯುವಿಕೆ. ಅಂಡಾಣು ಆಗುವಾಗ ಸರಾಸರಿ ನಲವತ್ತರಷ್ಟು ಕಡೆ, ವೀರ್ಯಾಣು ಆಗುವಾಗ ಇಪ್ಪತ್ತೈದರ ಆಸುಪಾಸು. ಇದು ಮುಗಿದ ಮೇಲೆ ಮೊದಲನೇ ಪಾಲು. ಪ್ರತಿ ಜೋಡಿಯಿಂದ ಒಂದು ಈ ಕಡೆ, ಒಂದು ಆ ಕಡೆ. 46 ಇದ್ದದ್ದು 23 ಆಯಿತು. ಆದರೆ ಒಂದೊಂದಕ್ಕೂ ಜೆರಾಕ್ಸ್ ಅಂಟಿಕೊಂಡೇ ಇದೆ. ಎರಡನೇ ಪಾಲಿನಲ್ಲಿ ಪಿನ್ ಕಿತ್ತು ಅದನ್ನೂ ಬೇರೆ ಮಾಡಬೇಕು. ಒಮ್ಮೆ ಜೆರಾಕ್ಸ್, ಎರಡು ಸಲ ಪಾಲು. ಮಿಯಾಸಿಸ್ ಅಂದರೆ ಇಷ್ಟೇ.

ಮಾವ: ಅಪ್ಪನ ಕಡತ ಎಲ್ಲ ಒಂದೇ ಕಡೆಗೆ ಹೋಗುತ್ತದಾ?

ಸೊಸೆ: ಇಲ್ಲ. ಪ್ರತಿ ಜೋಡಿಗೂ ಬೇರೆ ಬೇರೆ ಚೀಟಿ ಎತ್ತಿದ ಹಾಗೆ. ಒಂದನೇ ಜೋಡಿಯಲ್ಲಿ ಅಪ್ಪನದ್ದು ಬಲಕ್ಕೆ ಹೋಯಿತು ಅಂತ ಎರಡನೇ ಜೋಡಿಗೆ ಗೊತ್ತೇ ಇರುವುದಿಲ್ಲ. 23 ಸಲ ಚೀಟಿ. ಎಷ್ಟು ಬಗೆಯ ಪಾಲು ಆಗಬಹುದು ಗೊತ್ತಾ? 23 ಎರಡುಗಳನ್ನು ಒಂದಕ್ಕೊಂದು ಗುಣಿಸಿ. 83,88,608.

ಮಾವ: ಹೆಚ್ಚುಕಡಿಮೆ ಎಂಬತ್ನಾಲ್ಕು ಲಕ್ಷ! ಎಂಬತ್ನಾಲ್ಕು ಲಕ್ಷ ಯೋನಿ ದಾಟಿ ಮನುಷ್ಯಜನ್ಮ ಅಂತ ನನ್ನಜ್ಜಿ ಹೇಳುತ್ತಿದ್ದದ್ದು ಇದೇನಾ?

ಸೊಸೆ: ಅದು ಬರೀ ಕಾಕತಾಳೀಯ ಮಾವ. ನಾಳೆ ವಾಟ್ಸಾಪಿನಲ್ಲಿ ಹಾಕಿಬಿಡಬೇಡಿ. ಹಾಳೆ ಬದಲಾದ ಲೆಕ್ಕ ಇದರಲ್ಲಿ ಸೇರಿಲ್ಲ, ಸೇರಿಸಿದರೆ ಎಣಿಸಲು ಕೂರುವುದೇ ದಂಡ. ಬರೀ ಚೀಟಿಯ ಲೆಕ್ಕದಲ್ಲೇ ಒಂದು ಗಂಡಹೆಂಡಿರಿಗೆ ಎಪ್ಪತ್ತು ಲಕ್ಷ ಕೋಟಿ ಬಗೆಯ ಮಕ್ಕಳು ಆಗಬಹುದು. ಅದಕ್ಕೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಿಮಗೂ ನನ್ನಮ್ಮನಿಗೂ ಮೂಗು ಬೇರೆ, ಸಿಟ್ಟು ಬೇರೆ.

ಮಾವ: ನಿನ್ನಮ್ಮನ ಮೂಗು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ದೊಡ್ಡವರು ಯಾರೋ ಅದನ್ನೂ ಆಡಿಕೊಂಡಿದ್ದರು.

ಸೊಸೆ: ಆಡಿಕೊಳ್ಳುವವರಿಗೆ ಪರೇಲ್‌ನಿಂದಲೇ ಉತ್ತರ ಬಂದಿದೆ. ಬಾಂಬೆ ಬ್ಲಡ್ ಗ್ರೂಪ್ ಅಂತ ಕೇಳಿದ್ದೀರಲ್ಲ?

ಮಾವ: ಕೇಳದೆ ಎಂತ? ಆ ರಕ್ತ ಬೇಕಾದವರಿಗೆ ಊರೆಲ್ಲ ಹುಡುಕುತ್ತಾರೆ.

ಸೊಸೆ: 1952ರಲ್ಲಿ ಈ ಊರಿನ ಡಾ. ವೈ. ಎಂ. ಭೆಂಡೆ ಮತ್ತು ಅವರ ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಎ, ಬಿ ಅನ್ನುವ ಗುರುತುಗಳು ಕೆಂಪು ರಕ್ತಕಣದ ಮೇಲೆ ಕೂರಬೇಕಾದರೆ ಕೆಳಗೆ ಎಚ್ ಅನ್ನುವ ಒಂದು ಅಡಿಪಾಯ ಬೇಕು. ಓ ಗುಂಪಿನವರಲ್ಲೂ ಆ ಅಡಿಪಾಯ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೇ ಇಲ್ಲ. ಅದನ್ನು ಕಟ್ಟುವ ವಂಶವಾಹಿ 19ನೇ ವರ್ಣತಂತುವಿನಲ್ಲಿದೆ, ಎ, ಬಿ ನಿರ್ಧರಿಸುವ ವಂಶವಾಹಿ 9ನೆಯದರಲ್ಲಿ. ಎರಡು ಬೇರೆ ಕಡತ, ಎರಡು ಬೇರೆ ಚೀಟಿ. ಈಗ ಒಬ್ಬ ತಾಯಿಯ 9ನೇ ಕಡತದಲ್ಲಿ ಬಿ ಇದೆ, ಆದರೆ ಅವಳಿಗೆ ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ 19 ಬಂದಿದೆ. ಸಾಮಾನ್ಯ ಪರೀಕ್ಷೆಯಲ್ಲಿ ಅವಳು ಓ. ಗಂಡನೂ ಓ. ಮಗು?

ಮಾವ: ಓ ಆಗಬೇಕು.

ಸೊಸೆ: ಬಿ ಆಗಬಹುದು. ಅಮ್ಮನಿಂದ ಬಿ, ಅಪ್ಪನಿಂದ ಒಳ್ಳೆಯ 19. ಅವಳಲ್ಲಿ ಅಡಗಿ ಕೂತಿದ್ದದ್ದು ಮಗುವಿನಲ್ಲಿ ಎದ್ದು ನಿಂತಿತು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಬಾಂಬೆ ಗುಂಪಿನವರು. ಈ ಊರಿನ ಜನಸಂಖ್ಯೆಗೆ ಅದು ಸಣ್ಣ ಲೆಕ್ಕವಲ್ಲ. ಅಂಥ ಮನೆಯಲ್ಲಿ ರಕ್ತದ ಚೀಟಿ ಹಿಡಿದು ಒಬ್ಬ ಹೆಂಗಸಿನ ನಡತೆ ಅಳೆಯಲು ಹೊರಟರೆ ಎಂತಾದೀತು?

ಮಾವ: ಹ್ಞೂಂ. ಅಂತೂ ಅಡಗಿದ್ದು ಕಳೆದುಹೋದದ್ದಲ್ಲ.

ಸೊಸೆ: ಸರಿ, ಈಗ ನಿಮ್ಮ ಏಜ್ ಫ್ಯಾಕ್ಟರ್. ಅಂಡಾಣುವಿನ ಪಾಲು ಶುರುವಾಗುವುದು ಯಾವಾಗ, ಹೇಳಿ ನೋಡುವಾ.

ಮಾವ: ಹುಡುಗಿ ದೊಡ್ಡವಳಾದಾಗ ಇರಬೇಕು.

ಸೊಸೆ: ಅಲ್ಲ, ಅವಳು ಹುಟ್ಟುವ ಮೊದಲು. ನನ್ನಜ್ಜಿ, ಅಂದರೆ ನಿಮ್ಮಮ್ಮ, ಸ್ಟೀಮರ್ ಹತ್ತಿ ಬೊಂಬಾಯಿಗೆ ಬಂದಾಗ ಎಷ್ಟು ತಿಂಗಳ ಬಸುರಿ?

ಮಾವ: ಆರು ತುಂಬಿ ಏಳಕ್ಕೆ ಬಿದ್ದಿತ್ತು. ನಿನ್ನಮ್ಮ ಹೊಟ್ಟೆಯಲ್ಲಿ. ನನ್ನನ್ನು ಊರಲ್ಲೇ ಅಜ್ಜಿಯ ಹತ್ತಿರ ಬಿಟ್ಟರು. ಮಂಗಳೂರಿನ ಧಕ್ಕೆಯಲ್ಲಿ ನಾನು ಅತ್ತದ್ದು ಈಗಲೂ ನೆನಪುಂಟು.

ಸೊಸೆ: ಅಮ್ಮನ ಅಂಡಾಶಯದಲ್ಲಿ ಅವಳ ಜನ್ಮಕ್ಕೆ ಬೇಕಾದ ಅಂಡಾಣುಗಳೆಲ್ಲ ಆಗಲೇ ಇದ್ದವು. ಹೆಣ್ಣು ಶಿಶುವಿಗೆ ಐದನೇ ತಿಂಗಳ ಹೊತ್ತಿಗೆ ಅರುವತ್ತು ಎಪ್ಪತ್ತು ಲಕ್ಷ ಇರುತ್ತವೆ, ಅದೇ ಶಿಖರ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ. ಅದರಲ್ಲಿ ಬಲಿತು ಹೊರಬರುವುದು ಇಡೀ ಆಯುಷ್ಯದಲ್ಲಿ ನಾನೂರರ ಆಸುಪಾಸು. ನಾನಾದ ಅಂಡಾಣುವೂ ಆ ಹಡಗಿನಲ್ಲಿತ್ತು. ನೀವು ಧಕ್ಕೆಯಲ್ಲಿ ನಿಂತು ಅಳುವಾಗ ನಾನು ಟಿಕೆಟಿಲ್ಲದೆ ಬೊಂಬಾಯಿಗೆ ಹೊರಟಾಗಿತ್ತು.

ಮಾವ: ನನಗಿಂತ ಮೊದಲು ನೀನು ಬೊಂಬಾಯಿ ಕಂಡದ್ದು! ಆಗಲೇ ಅರ್ಧ ಆಗಿದ್ದೆಯಾ?

ಸೊಸೆ: ಇಲ್ಲ. ಜೆರಾಕ್ಸ್ ಆಗಿತ್ತು, ಪಿನ್ ಬಿದ್ದಿತ್ತು. ಜೋಡಿ ಕೂಡಿ ಹಾಳೆ ಬದಲಾಗಿ, ಮೊದಲನೇ ಪಾಲಿಗೆ ಎಲ್ಲ ಸಿದ್ಧ ಅನ್ನುವಾಗ ಕೆಲಸ ನಿಂತುಬಿಡುತ್ತದೆ. ಸಾಲಿನ ಮಧ್ಯದಲ್ಲಿ ಪೆನ್ನು ಎತ್ತಿಟ್ಟ ಹಾಗೆ. ಅಮ್ಮ ಹುಟ್ಟಿದಳು, ಶಾಲೆಗೆ ಹೋದಳು, ಮದುವೆಯಾದಳು, ಆ ಪೆನ್ನು ಹಾಗೆಯೇ ಇತ್ತು. 1986ರಲ್ಲಿ ನಾನು ಹುಟ್ಟಬೇಕಾದರೆ ಆ ಅಂಡಾಣು ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಕಾದಿತ್ತು. ನಿಮ್ಮ ಮಗನ ಹೆಂಡತಿಯ ಅಂಡಾಣುಗಳು ಮೂವತ್ತೇಳು ವರ್ಷ ಕಾದಿವೆ. ಹೇಳಿ ಮಾವ, ಮುಂಬಯಿಯ ಮಳೆಗಾಲದಲ್ಲಿ ಮೂವತ್ತೇಳು ವರ್ಷ ಇಟ್ಟ ಕಾಗದದ ಪಿನ್ನು ಹೇಗಿರುತ್ತದೆ?

ಮಾವ: ತುಕ್ಕು ಹಿಡಿದು ಮುಟ್ಟಿದರೆ ಮುರಿಯುತ್ತದೆ. ಕೆಲವು ಕಾಗದ ಒಂದಕ್ಕೊಂದು ಅಂಟಿಕೊಂಡೂ ಹೋಗಿರುತ್ತದೆ.

ಸೊಸೆ: ಅಷ್ಟೇ. ಗರ್ಭದಲ್ಲಿದ್ದಾಗ ಹಾಕಿದ ಆ ಕೊಹೆಸಿನ್ ಪಿನ್ನುಗಳು ವರ್ಷ ಹೋದಂತೆ ಸಡಿಲಾಗುತ್ತವೆ. ಪಾಲಿನ ಹೊತ್ತಿಗೆ ಒಂದು ಕಡತ ಹೋಗಬಾರದ ಕಡೆ ಹೋಗುತ್ತದೆ. ಕೆಲವು ಅಂಡಾಣುಗಳಿಗೆ 24, ಕೆಲವಕ್ಕೆ 22. ಅಂಥವು ಹೆಚ್ಚಿನವು ಮಗುವಾಗುವವರೆಗೆ ಬಾಳುವುದಿಲ್ಲ, ಗರ್ಭ ನಿಲ್ಲುವುದಿಲ್ಲ, ಅಥವಾ ಮೊದಲ ತಿಂಗಳುಗಳಲ್ಲೇ ಇಳಿದುಹೋಗುತ್ತದೆ. 21ನೇ ವರ್ಣತಂತು ಒಂದು ಹೆಚ್ಚಾದರೆ ಡೌನ್ ಸಿಂಡ್ರೋಮ್. ತಾಯಿಗೆ ಇಪ್ಪತ್ತೈದು ವರ್ಷವಾದಾಗ ಸಾವಿರದ ಇನ್ನೂರು ಚಿಲ್ಲರೆ ಹೆರಿಗೆಗೆ ಒಂದು, ಮೂವತ್ತೈದಕ್ಕೆ ಮುನ್ನೂರೈವತ್ತರ ಸುಮಾರಿಗೆ ಒಂದು, ನಲವತ್ತಕ್ಕೆ ನೂರಕ್ಕೆ ಒಂದು. ಏಜ್ ಫ್ಯಾಕ್ಟರ್ ಅಂದರೆ ಇದು. ಎಎಂಎಚ್ ಅನ್ನುವುದು ಬೇರೆ, ಉಗ್ರಾಣದಲ್ಲಿ ಎಷ್ಟು ಉಳಿದಿರಬಹುದು ಅನ್ನುವ ಅಂದಾಜು ಮಾತ್ರ. ಯಾವುದೂ ಅವಳು ಮಾಡಿದ ತಪ್ಪಲ್ಲ.

ಮಾವ: ನಿಂತ ಪೆನ್ನು ಮತ್ತೆ ಎತ್ತುವುದು ಯಾವಾಗ?

ಸೊಸೆ: ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಒಂದೇ ಒಂದಕ್ಕೆ. ಮಿದುಳಿನ ಬುಡದಿಂದ ಎಲ್‌ಎಚ್ ಅನ್ನುವ ಹಾರ್ಮೋನು ಉಕ್ಕಿ ಬರುತ್ತದೆ. ಅಲ್ಲಿಂದ ಸುಮಾರು ಮೂವತ್ತಾರು ಗಂಟೆಯೊಳಗೆ ಮೊದಲನೇ ಪಾಲು ಮುಗಿಯುತ್ತದೆ. ನಮ್ಮ ಇಡೀ ಕೆಲಸ ನಿಂತಿರುವುದು ಆ ಗಡಿಯಾರದ ಮೇಲೆ. ರಾತ್ರಿ ಹತ್ತಕ್ಕೆ ಟ್ರಿಗರ್ ಇಂಜೆಕ್ಷನ್ ಕೊಟ್ಟರೆ ನಾಡಿದ್ದು ಬೆಳಿಗ್ಗೆ ಅಂಡಾಣು ತೆಗೆಯಬೇಕು. ಬೇಗ ತೆಗೆದರೆ ಹಸಿ, ತಡವಾದರೆ ತಾನೇ ಬಿಡುಗಡೆಯಾಗಿ ಕೈತಪ್ಪುತ್ತದೆ.

ಮಾವ: ಇಡ್ಲಿ ಹಿಟ್ಟು ಹುದುಗಿದ ಹಾಗೆ. ಗಂಟೆ ತಪ್ಪಿದರೆ ಕೆಲಸ ಕೆಟ್ಟಿತು.

ಸೊಸೆ: ಈ ಗಂಟೆಯನ್ನು ಹಿಡಿಯುವುದಕ್ಕೇ ಪರೇಲ್‌ನಲ್ಲಿ ಎಷ್ಟೋ ದಿನ ಹೆಣಗಿದ್ದರು. ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ, ಅಲ್ಲೇ ಪರೇಲ್‌ನ ಐಸಿಎಂಆರ್ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದ ಡಾ. ಟಿ. ಸಿ. ಆನಂದ್ ಕುಮಾರ್. 1986ರ ಆಗಸ್ಟ್ 6ರಂದು ಕೆಇಎಂನಲ್ಲಿ ಅವರ ಐವಿಎಫ್ ಮಗು ಹುಟ್ಟಿತು. ಒಂದು ಮುನಿಸಿಪಲ್ ಆಸ್ಪತ್ರೆಯಲ್ಲಿ! ಆ ಹುಡುಗಿ 2016ರಲ್ಲಿ ತಾನೇ ತಾಯಿಯಾದಳು.

ಮಾವ: ನೆನಪುಂಟು. ಪೇಪರಿನಲ್ಲಿ ದೇಶದ ಮೊದಲ ಟೆಸ್ಟ್‌ಟ್ಯೂಬ್ ಶಿಶು ಅಂತ ಬಂದಿತ್ತು. ನಮ್ಮ ಗಲ್ಲಾದ ಮುಂದೆ ಎರಡು ದಿನ ಅದೇ ಚರ್ಚೆ.

ಸೊಸೆ: ಮೊದಲಿನವರು ಬೇರೆ ಇದ್ದರು. ಕಲ್ಕತ್ತದ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ 1978ರ ಅಕ್ಟೋಬರ್ 3ರಂದೇ ಒಂದು ಹೆಣ್ಣುಮಗು ಹುಟ್ಟಿತ್ತು. ಇಂಗ್ಲೆಂಡಿನ ಮೊದಲ ಮಗು ಹುಟ್ಟಿ ಆಗ ಎರಡು ತಿಂಗಳು ಚಿಲ್ಲರೆ ದಿನ. ಅವರನ್ನು ಯಾರೂ ನಂಬಲಿಲ್ಲ. ನೊಂದು 1981ರಲ್ಲಿ ಜೀವ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ 1997ರಲ್ಲಿ ಮೊದಲ ಗೌರವ ಅವರಿಗೆ ಸಲ್ಲಬೇಕು ಅಂತ ಬರೆದವರು ಯಾರು ಗೊತ್ತಾ? ಇದೇ ಆನಂದ್ ಕುಮಾರ್. ತನ್ನ ಪಾಲಿಗೆ ಬಂದದ್ದನ್ನು ತಾನೇ ಬಿಟ್ಟುಕೊಟ್ಟವರು.

ಮಾವ: ಅಂಥ ಪಾಲುದಾರ ನಮಗೆ ಒಬ್ಬ ಸಿಕ್ಕಿದ್ದರೆ ಹನ್ನೊಂದು ವರ್ಷ ಕೋರ್ಟು ಸುತ್ತಬೇಕಿರಲಿಲ್ಲ.

ಸೊಸೆ: ತೆಗೆದ ಅಂಡಾಣು ಕಣ್ಣಿಗೆ ಸಣ್ಣ ಮರಳಿನ ಕಣದ ಹಾಗೆ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಮೈಕ್ರೋಸ್ಕೋಪಿನಲ್ಲಿಟ್ಟು ನಾನು ಮೊದಲು ಹುಡುಕುವುದು ಅದರ ಪಕ್ಕ ಅಂಟಿಕೊಂಡ ಒಂದು ಚಿಕ್ಕ ಬೊಟ್ಟನ್ನು. ಅದು ಧ್ರುವಕಾಯ. ಅದು ಕಂಡರೆ ಮೊದಲನೇ ಪಾಲು ಆಯಿತು, ಅಂಡಾಣು ಬಲಿತಿದೆ ಅಂತ ಲೆಕ್ಕ. ಇಲ್ಲೇ ವಿಚಿತ್ರ. ಕಡತಗಳನ್ನು ಸರಿಸಮ ಹಂಚಿದರೂ ಮನೆಯನ್ನು ಹಂಚುವುದಿಲ್ಲ. ಕೋಶರಸ, ಉಗ್ರಾಣ, ಶಕ್ತಿಯ ಯಂತ್ರಗಳು ಎಲ್ಲ ಒಬ್ಬಳಿಗೇ. ಧ್ರುವಕಾಯ ತನ್ನ 23 ಕಡತ ಹಿಡಿದುಕೊಂಡು ಬರಿಗೈಯಲ್ಲಿ ಹೊರಟು ಅಲ್ಲೇ ಸೊರಗುತ್ತದೆ.

ಮಾವ: ಇದು ನಮ್ಮ ಹಳೇ ಕಟ್ಟು, ತಾಯಿಯ ಕಡೆಯಿಂದ ಮನೆ ಬರುವ ಅಳಿಯಸಂತಾನ! 1949ರ ಮದರಾಸು ಅಳಿಯಸಂತಾನ ಕಾಯ್ದೆ ಬರುವ ಮೊದಲು ಪಾಲು ಕೇಳುವ ಹಕ್ಕೇ ಯಾರಿಗೂ ಇರಲಿಲ್ಲ. ಕುಟುಂಬದ ಮನೆ ಒಡೆಯಬಾರದು ಅಂತ.

ಸೊಸೆ: ಅಂಡಾಣು ಇವತ್ತಿಗೂ ಆ ಕಾಯ್ದೆ ಒಪ್ಪಿಲ್ಲ. ಒಡೆದರೆ ಭ್ರೂಣಕ್ಕೆ ಮೊದಲ ದಿನಗಳ ಬುತ್ತಿ ಸಾಲುವುದಿಲ್ಲ. ಆ ಮನೆಯಲ್ಲಿ ಮೈಟೊಕಾಂಡ್ರಿಯ ಅನ್ನುವ ಒಲೆಗಳಿವೆ, ಒಂದು ಅಂಡಾಣುವಿಗೆ ಲಕ್ಷದ ಲೆಕ್ಕದಲ್ಲಿ. ಅವುಗಳೊಳಗೆ 37 ವಂಶವಾಹಿಗಳ ಬೇರೆಯೇ ಒಂದು ಪುಟ್ಟ ಕಡತ ಇದೆ. ಅದು ಬರುವುದು ತಾಯಿಯಿಂದ ಮಾತ್ರ. ವೀರ್ಯಾಣುವಿನಲ್ಲಿ ಇರುವ ಕೆಲವು ಒಳಗೆ ಬಂದರೂ ನಾಶವಾಗುತ್ತವೆ. ಅಜ್ಜಿಯ ಒಲೆ ನಿಮ್ಮಲ್ಲೂ ಉಂಟು, ನನ್ನಮ್ಮನಲ್ಲೂ ಉಂಟು, ನನ್ನಲ್ಲೂ ಉಂಟು. ನಿಮ್ಮ ಮಗನಲ್ಲಿ ಇಲ್ಲ.

ಮಾವ: ನಮ್ಮ ಬರಿ, ಅಂದರೆ ತಾಯಿಯಿಂದ ಬರುವ ಕುಲ, ಅದೂ ಹಾಗೇ ಅಲ್ಲವಾ? ನಾನೂ ನೀನೂ ಒಂದೇ ಬರಿ. ನನ್ನ ಮಗ ಅವನಮ್ಮನ ಬರಿ. ಇದರಲ್ಲಿ ಇನ್ನೊಂದು ತಮಾಷೆ ಉಂಟು. ಆ 1949ರ ಕಾಯ್ದೆಯಲ್ಲಿ ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇರುವ ಕವರು ಸಂತತಿ ಕವರು, ಇಲ್ಲದ್ದು ನಿಸ್ಸಂತತಿ ಕವರು. ಮಗ ಇದ್ದರೂ ನಾನು ಆ ಲೆಕ್ಕದಲ್ಲಿ ನಿಸ್ಸಂತತಿ.

ಸೊಸೆ: ಮೈಟೊಕಾಂಡ್ರಿಯದ ಲೆಕ್ಕದಲ್ಲೂ ನೀವು ನಿಸ್ಸಂತತಿಯೇ ಮಾವ. ಆ ಐವತ್ತು ಅನ್ನುವ ಅಂಕೆಯೂ ಸುಮ್ಮನೆ ಬಿದ್ದದ್ದಲ್ಲ, ಅಂಡಾಣು ಮುಗಿಯುವ ವಯಸ್ಸು ಅದು. ಆದರೆ ಕಟ್ಟು ಹೇಳಿದ್ದು ಪಾಲಿನ ಒಂದು ತುದಿಯನ್ನು ಮಾತ್ರ. 23 ಕಡತಗಳಲ್ಲಿ ನಿಮ್ಮ ಮಗ ನಿಮ್ಮ ಸರಿಯಾದ ಅರ್ಧ. ಬರಿ ಬೇರೆ ಅಂತ ಆ ಅರ್ಧ ಸುಳ್ಳಾಗುವುದಿಲ್ಲ. ಈಗ ಆ ಅರ್ಧದ ಮಾತಿಗೆ ಬರೋಣ. ನಾಚಿಕೆ ಬೇಡ.

ಮಾವ: ಹೇಳು, ಮಳೆ ನೋಡುತ್ತಾ ಕೇಳುತ್ತೇನೆ.

ಸೊಸೆ: ವೀರ್ಯಾಣುವಿನ ಪಾಲು ಶುರುವಾಗುವುದೇ ಹುಡುಗ ಪ್ರಾಯಕ್ಕೆ ಬಂದ ಮೇಲೆ. ಶುರುವಾದರೆ ನಿಲ್ಲುವುದಿಲ್ಲ. ದಿನಕ್ಕೆ ಕೋಟಿಗಟ್ಟಲೆ, ನಿಮ್ಮ ವಯಸ್ಸಿನವರೆಗೂ. ಇಲ್ಲಿ ಮನೆ ಉಳಿಸುವ ಚಿಂತೆ ಇಲ್ಲ. ಒಂದು ಕೋಶಕ್ಕೆ ನಾಲ್ಕು ವೀರ್ಯಾಣು, ನಾಲ್ವರೂ ಸಮ. ಮನೆ ಮಾರಿ ಬಾಲ ಕಟ್ಟಿಕೊಂಡು ಹೊರಟವರು. ನಾಲ್ಕರಲ್ಲಿ ಎರಡಕ್ಕೆ ಎಕ್ಸ್, ಎರಡಕ್ಕೆ ವೈ. ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್. ಮಗು ಹೆಣ್ಣೋ ಗಂಡೋ ಅನ್ನುವುದು ಅಪ್ಪನ ಚೀಟಿ. ಹೆಣ್ಣು ಹೆತ್ತಳು ಅಂತ ಹೆಂಡತಿಯನ್ನು ಬೈಯುವುದು ಲಾಟರಿ ಮಾರಿದವನನ್ನು ಬಿಟ್ಟು ಕೊಂಡವನನ್ನು ಹೊಡೆದ ಹಾಗೆ. ಗರ್ಭದಲ್ಲೇ ಲಿಂಗ ನೋಡಿ ತೆಗೆಸುವುದು ಈ ಊರಿನಲ್ಲಿ ಎಷ್ಟು ಹೆಚ್ಚಿತ್ತೆಂದರೆ, ದೇಶಕ್ಕೆ ಕಾನೂನು ಬರುವ ಆರು ವರ್ಷ ಮೊದಲೇ, 1988ರಲ್ಲಿ, ಮಹಾರಾಷ್ಟ್ರ ತನ್ನದೇ ಕಾನೂನು ತರಬೇಕಾಯಿತು.

ಮಾವ: ಹಾಗಾದರೆ ಗಂಡಿನ ಕಡೆ ತೊಂದರೆ ಬರುವುದಕ್ಕೆ ದಾರಿಯೇ ಇಲ್ಲ. ಪಿನ್ನು ಹಳತಾಗುವುದಿಲ್ಲ, ಸರಕು ಮುಗಿಯುವುದಿಲ್ಲ.

ಸೊಸೆ: ಪಿನ್ನಿಗೆ ತುಕ್ಕಿಲ್ಲ, ನಿಜ. ಆದರೆ ಜೆರಾಕ್ಸ್ ಮಿಷನ್ ಹಗಲೂ ರಾತ್ರಿ ಓಡುತ್ತದೆ. ಮೂಲಕೋಶಗಳು ನಕಲಿನ ಮೇಲೆ ನಕಲು ತೆಗೆಯುತ್ತಾ ಹೋದ ಹಾಗೆ ಅಕ್ಷರ ತಪ್ಪುತ್ತದೆ. ಐಸ್‌ಲ್ಯಾಂಡಿನಲ್ಲಿ ಲೆಕ್ಕ ಮಾಡಿ 2012ರಲ್ಲಿ ತೋರಿಸಿದರು. ಅಪ್ಪನಿಗೆ ಒಂದೊಂದು ವರ್ಷ ಹೆಚ್ಚಾದ ಹಾಗೆ ಮಗುವಿಗೆ ಹೋಗುವ ಹೊಸ ತಪ್ಪುಗಳು ಸರಾಸರಿ ಒಂದೆರಡು ಹೆಚ್ಚುತ್ತವೆ. ಬಹಳಷ್ಟು ನಿರುಪದ್ರವಿ, ಆದರೂ ತಪ್ಪು ತಪ್ಪೇ. ಅಂಡಾಣುವಿನ ಕಷ್ಟ ಕಾಯುವುದರಲ್ಲಿ, ವೀರ್ಯಾಣುವಿನ ಕಷ್ಟ ನಕಲಿನಲ್ಲಿ. ಇನ್ನೊಂದು ಕೇಳುತ್ತೇನೆ. ಭಾವ ದಿನಕ್ಕೆ ಎಷ್ಟು ಗಂಟೆ ಅಡುಗೆಮನೆಯಲ್ಲಿ?

ಮಾವ: ಕೆಲಸದವರು ಎಲ್ಲಿ ಸಿಗುತ್ತಾರೆ? ಬೆಳಿಗ್ಗೆ ಆರರಿಂದ ಹನ್ನೊಂದು ದೋಸೆಕಲ್ಲು ಅವನದ್ದೇ. ಸಂಜೆ ಮತ್ತೆ ನಾಲ್ಕು ಗಂಟೆ. ಸೊಂಟದ ಎತ್ತರಕ್ಕೆ ಬೆಂಕಿ.

ಸೊಸೆ: ವೃಷಣಗಳು ಮೈಯ ಹೊರಗೆ ಇರುವುದೇ ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು ಅಂತ. ಆ ತಂಪಿಲ್ಲದೆ ಈ ಎರಡು ಪಾಲು ಸರಿಯಾಗಿ ನಡೆಯುವುದಿಲ್ಲ. ದಿನವೂ ಗಂಟೆಗಟ್ಟಲೆ ಬೆಂಕಿಯ ಮುಂದೆ ನಿಲ್ಲುವವರಲ್ಲಿ ವೀರ್ಯಾಣು ಕಡಿಮೆಯಾಗಬಹುದು. ಭಾವನಿಗೆ ಹಾಗೇ ಆಗಿದೆ ಅಂತ ನಾನು ಹೇಳುವುದಿಲ್ಲ. ನೋಡದೆ ಹೇಳುವ ತಪ್ಪನ್ನೇ ಅಲ್ಲವಾ ಮನೆಯಲ್ಲಿ ಮಾಡಿದ್ದು? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಅವನ ಪರೀಕ್ಷೆಗೆ ಸೂಜಿ ಇಲ್ಲ, ಅರಿವಳಿಕೆ ಇಲ್ಲ, ಖರ್ಚೂ ಕಡಿಮೆ. ಆದರೂ ಇಷ್ಟರವರೆಗೆ ಚುಚ್ಚಿಸಿಕೊಂಡವಳು ಅವಳೊಬ್ಬಳೇ.

ಮಾವ: ಬೆಂಕಿಯೇ ಕಾರಣ ಆಗಿದ್ದರೆ?

ಸೊಸೆ: ದೋಸೆಕಲ್ಲು ಬಿಟ್ಟು ಮೂರು ತಿಂಗಳು ಕಾಯಬೇಕು. ಒಂದು ವೀರ್ಯಾಣು ಶುರುವಾಗಿ ತಯಾರಾಗಲು ಎರಡು ತಿಂಗಳಿಗೂ ಮೇಲೆ ಬೇಕು, ಮತ್ತೆ ಕೆಲವು ದಿನ ಪಕ್ವವಾಗಲು. ಇವತ್ತು ಬಿಟ್ಟರೆ ದೀಪಾವಳಿಯ ಹೊತ್ತಿಗೆ ಹೊಸ ಲೆಕ್ಕ. ಅವಳ ವಯಸ್ಸಿಗೆ ಆ ಮೂರು ತಿಂಗಳೂ ದುಬಾರಿ, ಅದಕ್ಕೇ ತಡ ಮಾಡಬಾರದು.

ಮಾವ: ಒಂದು ಸಂಶಯ. ಎರಡನೇ ಪಾಲು ಅಂದೆಯಲ್ಲ, ಪಿನ್ ಕೀಳುವುದು. ಅಂಡಾಣುವಿನಲ್ಲಿ ಅದು ಯಾವಾಗ?

ಸೊಸೆ: ಇದನ್ನು ನೀವು ಕೇಳಲಿ ಅಂತಲೇ ಕಾದಿದ್ದೆ. ಮೊದಲನೇ ಪಾಲು ಮುಗಿಸಿ ಹೊರಬಂದ ಅಂಡಾಣು ಎರಡನೇ ಪಾಲಿನ ನಡುವೆ ಮತ್ತೆ ನಿಂತುಬಿಡುತ್ತದೆ. ವೀರ್ಯಾಣು ಒಳಗೆ ಬರುವವರೆಗೆ ಮುಂದೆ ಹೋಗುವುದಿಲ್ಲ. ಬಂದ ಮೇಲೆ ಪಿನ್ ಬಿಚ್ಚುತ್ತದೆ, ಎರಡನೇ ಧ್ರುವಕಾಯ ಹೊರಬೀಳುತ್ತದೆ, ಆಗ ಅದು ನಿಜವಾಗಿ ಅರ್ಧ. ಬಾರದಿದ್ದರೆ ಒಂದು ದಿನದೊಳಗೆ ಎಲ್ಲ ಮುಗಿಯಿತು. ಮೂವತ್ತೇಳು ವರ್ಷ ಒಬ್ಬಳೇ ಇಟ್ಟುಕೊಂಡು ಬಂದ ಕಾಗದ, ಇನ್ನೊಬ್ಬರ ಸಹಿ ಇಲ್ಲದೆ ಪೂರ್ತಿ ಆಗುವುದಿಲ್ಲ.

ಮಾವ: ರಿಜಿಸ್ಟ್ರಾರ್ ಆಫೀಸಿನಲ್ಲಿ ನಮಗೂ ಅದೇ ಹೇಳಿದರು. ಒಬ್ಬ ಪಾಲುದಾರ ಬಾರದಿದ್ದರೂ ಪಟ್ಟಿ ಪೂರ್ತಿಯಾಗುವುದಿಲ್ಲ ಅಂತ. ನಾವು ಮೂರು ಸಲ ವಾಪಸ್ ಬಂದೆವು.

(ಸ್ವಲ್ಪ ಹೊತ್ತು ಮಳೆಯ ಸದ್ದು. ಮಾವ ಕನ್ನಡಕ ಒರೆಸಿ, ಫೋನು ತೆಗೆದು ಮಗನಿಗೆ ಕರೆ ಮಾಡುತ್ತಾರೆ.)

ಮಾವ: ಹಲೋ, ಕೇಳುತ್ತಿದೆಯಾ? ನಾಳೆ ದೋಸೆಕಲ್ಲಿಗೆ ಬೇರೆಯವರನ್ನು ನಿಲ್ಲಿಸು. ಗಲ್ಲಾ ನಾನು ನೋಡಿಕೊಳ್ಳುತ್ತೇನೆ. ಅವಳ ಜೊತೆ ನೀನೂ ಡಾಕ್ಟರರ ಹತ್ತಿರ ಹೋಗಿ ನಿನ್ನ ಹೆಸರಿನಲ್ಲೂ ಒಂದು ಫೈಲು ಮಾಡಿಸು. ಮತ್ತೆ, ನಿನ್ನಮ್ಮನಿಗೆ ಫೋನು ಕೊಡು.